ತೂತು ಕೊಡದ ಶೋಕಗೀತೆ

ಅವನು ಬಾಯಿಬಿಟ್ಟು ಹಾಡಿದರೆ ಅವನ ಮನೆಯಲ್ಲಿ ಒಲೆ ಹೊತ್ತಿಸುವ ಅಗತ್ಯವೇ ಇರುತ್ತಿರಲಿಲ್ಲ. ಹಾಲಿನ ಪಾತ್ರೆಯನ್ನು ಅವನ ಮುಂದಿಟ್ಟರೆ ಸಾಕು, ಮೊದಲ ಸಾಲಿಗೆ ಕೆನೆ ಕಟ್ಟಿ, ಎರಡನೆಯ ಸಾಲಿಗೆ ಉಕ್ಕಿ, ಮೂರನೆಯ ಸಾಲು ಮುಗಿಯುವಷ್ಟರಲ್ಲಿ ಹಾಲು ಅಡುಗೆಮನೆಯ ಹೊಸ್ತಿಲು ದಾಟಿ ಬೀದಿಗೆ ಹರಿಯುತ್ತಿತ್ತು. ಆ ಬೀದಿಯ ಬೆಕ್ಕುಗಳು ಇವತ್ತಿಗೂ ಓಡಲಾರದಷ್ಟು ಕೊಬ್ಬಿರುವುದು ಅವನ ಕಂಠದ ದೆಸೆಯಿಂದಲೇ. ಹೀಗೆಂದು ಅವನೇ ಹೇಳಿಕೊಂಡಿದ್ದ, ಈ ಪರದೇಶದ ಊರಿನಲ್ಲಿ, ಶಾಲೆಯೊಂದರ ಊಟದ ಕೋಣೆಯಲ್ಲಿ, ಒದ್ದೆ ಕೋಟುಗಳ ವಾಸನೆಯ ನಡುವೆ ವಾರಕ್ಕೊಮ್ಮೆ ಹಾಡಲು ಸೇರುತ್ತಿದ್ದ ಜನರೆದುರು. ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು ಅವನ ಬೆನ್ನಿಗೆ ಗುದ್ದಿದ್ದವನು ಪಕ್ಕದ ಕುರ್ಚಿಯ ಡ್ರೈವರಜ್ಜ. ಈಗ ಅದೇ ಡ್ರೈವರಜ್ಜನ ಕಪ್ಪು ಕೋಟು ತೊಟ್ಟು ಅವನು ತನ್ನ ಬಾಡಿಗೆ ಕೋಣೆಯ ಕನ್ನಡಿಯೆದುರು ನಿಂತಿದ್ದಾನೆ. ಅಜ್ಜ ಹೋದ ವಾರ ತೀರಿಕೊಂಡಿದ್ದ. ಇವತ್ತು ಮಧ್ಯಾಹ್ನ ಅವನನ್ನು ಕಳಿಸಿಕೊಡುವುದು. ಅದಕ್ಕೆ ಮುಂಚೆ, ಬೆಳಿಗ್ಗೆ, ಅದೇ ಊಟದ ಕೋಣೆಯಲ್ಲಿ ಕೊನೆಯ ಸಲ ಹಾಡಿ ನೋಡಿಕೊಳ್ಳಬೇಕು. ಯಾವ ಹಾಡು ಎಂಬುದನ್ನು ನೆನೆದರೆ ಅವನಿಗೆ ಕನ್ನಡಿಯೊಳಗೇ ಎಲ್ಲಾದರೂ ಅಡಗಿಕೊಳ್ಳೋಣ ಎನಿಸುತ್ತಿತ್ತು.

ಕೋಟಿನ ತೋಳು ಬೆರಳ ತುದಿಯವರೆಗೂ ಇಳಿದಿತ್ತು. ಕಪ್ಪು ಬಟ್ಟೆ ಇಲ್ಲ ಎಂದಾಗ ಡ್ರೈವರಜ್ಜನ ಹೆಂಡತಿ, ಅಜ್ಜಿಯೇ ಬೀರು ತೆರೆದು ಕೊಟ್ಟದ್ದು. ‘ಅವರಿಗೆ ಇನ್ನೊಂದು ಹಾಕಿದೀವಿ, ಇದು ನಿನಗಿರಲಿ’ ಎಂದಿದ್ದಳು, ಸ್ವಂತ ಮೊಮ್ಮಗನಿಗೆ ಹೇಳಿದಷ್ಟು ಸಲೀಸಾಗಿ. ಜೇಬಿಗೆ ಕೈ ಹಾಕಿದರೆ ಪೆಪ್ಪರ್‌ಮಿಂಟಿನ ಖಾಲಿ ಕಾಗದಗಳು ಸರಸರ ಎಂದವು. ಅಜ್ಜ ಹಾಡಿನ ಮಧ್ಯೆಯೂ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ. ಜೀವಮಾನವಿಡೀ ಬಸ್ಸು ಓಡಿಸಿದವನು, ಹಾಡಿನಲ್ಲಿ ತಂಗಬೇಕಾದ ಜಾಗ ಬಂದಾಗಲೆಲ್ಲ ಅವನ ಬಲಗಾಲು ಕುರ್ಚಿಯ ಕೆಳಗೆ ಬ್ರೇಕ್ ಒತ್ತುತ್ತಿತ್ತು. ಆ ಕಾಲನ್ನು ನೋಡಿಕೊಂಡೇ ಇವನು ತುಟಿ ಮುಚ್ಚುವುದನ್ನು ಕಲಿತಿದ್ದ. ಮೆಟ್ಟಿಲಿಳಿದು ಬೀದಿಗೆ ಬಂದ. ಬಟ್ಟೆ ಒಗೆಯುವ ಅಂಗಡಿಯ ಗೋಡೆಯ ತೂತಿನಿಂದ ಹಬೆ ಬರುತ್ತಿತ್ತು, ಸಾಬೂನಿನ ಬೆಚ್ಚನೆಯ ವಾಸನೆ. ಬಂದ ಹೊಸದರಲ್ಲಿ ಆ ತೂತಿನೆದುರು ಸುಮ್ಮನೆ ನಿಲ್ಲುತ್ತಿದ್ದ, ಯಾರಿಗೋ ಕಾಯುವವನ ಹಾಗೆ ಗಡಿಯಾರ ನೋಡಿಕೊಳ್ಳುತ್ತ. ಸೋದರತ್ತೆಯ ಸೀರೆಯ ಮಡಿಕೆಯಲ್ಲಿ ಮುಖ ಹುದುಗಿಸಿದಾಗ ಬರುತ್ತಿದ್ದ ವಾಸನೆ ಅದು ಎಂದು ಯಾರಿಗೆ ಹೇಳುವುದು?

ಹೇಳಲು ಆಗ ಯಾರೂ ಇರಲಿಲ್ಲ. ಫೋನಿನಲ್ಲಿ ಅತ್ತೆಗೆ ಹೇಳಿದ್ದೇ ಬೇರೆ. ಊರಿಗೆ ಊರೇ ತನ್ನ ಹಿಂದೆ ಬಿದ್ದಿದೆ, ಊಟಕ್ಕೆ ಕರೆಯುವವರ ಕಾಟಕ್ಕೆ ಹಿಂಬಾಗಿಲಿಂದ ಓಡಾಡುತ್ತಿದ್ದೇನೆ, ಮೇಯರ್ ಸಾಹೇಬರು ನಿನ್ನೆ ತಮ್ಮ ಮಗಳ ಜಾತಕ ತಂದಿದ್ದರು ಎಂದೆಲ್ಲ. ‘ಜಾತಕ ಕೂಡಿತೇನೋ?’ ಎಂದು ಅತ್ತೆ ಅಷ್ಟೇ ಗಂಭೀರವಾಗಿ ಕೇಳಿದ್ದಳು. ನಿಜದಲ್ಲಿ ಅವನು ದಿನವೂ ಮಾತಾಡುತ್ತಿದ್ದದ್ದು ಪ್ರಯೋಗಶಾಲೆಯ ಬಾಗಿಲ ಜತೆ ಮಾತ್ರ. ತಾನಾಗಿ ತೆರೆದುಕೊಂಡ ಅದಕ್ಕೆ ಥ್ಯಾಂಕ್ಸ್ ಎಂದುಬಿಟ್ಟು, ಯಾರಾದರೂ ಕೇಳಿಸಿಕೊಂಡರೋ ಎಂದು ತಿರುಗಿ ನೋಡುತ್ತಿದ್ದ. ಕಬ್ಬಿಣ ತುಕ್ಕು ಹಿಡಿಯುವ ಬಗೆಯನ್ನು ಓದಲು ಅವನಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು. ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಕಬ್ಬಿಣದ ಚೂರುಗಳನ್ನಿಟ್ಟು, ಅವು ಕೆಂಪಗಾಗುವುದನ್ನು ವಾರಗಟ್ಟಲೆ ನೋಡುವ ಕೆಲಸ. ನೋಡುತ್ತ ನೋಡುತ್ತ ತನ್ನ ನಾಲಿಗೆಗೂ ಅದೇ ಹಿಡಿಯುತ್ತಿದೆಯೇನೋ ಎನಿಸುತ್ತಿತ್ತು. ಬ್ರೆಡ್ಡಿನ ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ಒಂದು ವಾಕ್ಯವನ್ನು ಉರುಹೊಡೆದುಕೊಂಡು ಹೋಗಿ ಹೇಳಿದರೆ, ಅಂಗಡಿಯವಳು ಕಿವುಡನಿಗೆ ಹೇಳುವಂತೆ ಒಂದೊಂದೇ ಅಕ್ಷರ ಬಿಡಿಸಿ ಕೂಗಿ ಉತ್ತರ ಕೊಟ್ಟಿದ್ದಳು. ಸಾಲಿನಲ್ಲಿ ನಿಂತವರು ಮರುಕದಿಂದ ನೋಡಿದ್ದರು. ಅವತ್ತಿನಿಂದ ಮಾತಿಲ್ಲದೆ ಯಂತ್ರದಲ್ಲಿ ಗುಂಡಿಯೊತ್ತಿ ಕೊಳ್ಳಬಹುದಾದದ್ದನ್ನೇ ತಿಂದ. ವಿದ್ಯಾರ್ಥಿವೇತನದ ಕಚೇರಿಯ ಹೆಂಗಸು ಕನ್ನಡಕದ ಮೇಲಿಂದ ನೋಡಿ ಹೇಳಿದ್ದಳು: ‘ಕೋಣೆಯಲ್ಲೇ ಕೂತಿರೋದಾದ್ರೆ ನಿಮ್ಮೂರಲ್ಲೇ ಕೂರಬಹುದಿತ್ತಲ್ಲಪ್ಪ. ನಮ್ಮ ಜನರ ಜತೆ ಬೆರೀಬೇಕು ಅನ್ನೋದೂ ಷರತ್ತೇ. ಏನಾದರೂ ಒಂದಕ್ಕೆ ಸೇರಿಕೊ.’ ಬಟ್ಟೆ ಒಗೆಯುವ ಅಂಗಡಿಯ ಕಿಟಕಿಯಲ್ಲಿ ಹಾಡುವವರ ಚೀಟಿ ಅಂಟಿಸಿತ್ತು, ದನಿ ಚೆನ್ನಾಗಿರಬೇಕಿಲ್ಲ ಬಂದರೆ ಸಾಕು ಎಂದು. ತನ್ನನ್ನು ನೋಡಿಯೇ ಬರೆದಂತಿದೆ ಎಂದುಕೊಂಡ.

ಹಾಡಿಸುತ್ತಿದ್ದವಳು ಹಲ್ಲಿನ ಡಾಕ್ಟರು. ‘ಬಾಯಿ ತೆರೀರಿ, ಇನ್ನೂ ದೊಡ್ಡದಾಗಿ, ನೋವಾದ್ರೆ ಕೈ ಎತ್ತಿ’ ಎಂದು ಅವಳು ಪೆನ್ಸಿಲ್ ಝಾಡಿಸಿದರೆ ಬೇಕರಿಯವನಿಂದ ಹಿಡಿದು ಲೈಬ್ರರಿಯ ಮುದುಕಿಯವರೆಗೆ ಎಲ್ಲರ ಬಾಯಿಗಳೂ ಗುಹೆಗಳಾಗುತ್ತಿದ್ದವು. ಇವನೂ ತೆರೆಯುತ್ತಿದ್ದ. ಆದರೆ ದನಿ ಬಿಡುತ್ತಿರಲಿಲ್ಲ. ಡ್ರೈವರಜ್ಜನ ಗಂಟಲು ನಿಂತ ಬಸ್ಸಿನ ಇಂಜಿನ್ನಿನ ಹಾಗೆ ಪಕ್ಕದಲ್ಲಿ ಗುಡುಗುಡು ಎನ್ನುತ್ತಿರುವಾಗ ಇವನ ಮೌನ ಯಾರಿಗೂ ಕೇಳಿಸುವಂತಿರಲಿಲ್ಲ. ಒಂದು ದಿನ ಅಜ್ಜ ಪೆಪ್ಪರ್‌ಮಿಂಟ್ ಕೊಡುತ್ತ ಕಿವಿಯ ಹತ್ತಿರ ಬಗ್ಗಿದ್ದ.

‘ಹುಡುಗಾ, ಟಿಕೆಟ್ ಇಲ್ಲದೆ ಕೂತಿದೀಯ.’

‘ಅಂದ್ರೆ?’

‘ಬಾಯಿ ಆಡುತ್ತೆ, ದನಿ ಇಲ್ಲ. ಕನ್ನಡಿಯಲ್ಲಿ ಇಡೀ ಬಸ್ಸನ್ನ ನೋಡ್ತಿದ್ದವನು ನಾನು, ನನಗೆ ಮೋಸ ಮಾಡ್ತೀಯಾ?’

ಅವನ ಕಿವಿ ಬಿಸಿಯಾಗಿತ್ತು. ಅಜ್ಜ ಮುಂದಕ್ಕೆ ನೋಡುತ್ತಲೇ ಹೇಳಿದ್ದ: ‘ಇರು ಇರು, ಇಳಿಸೋಲ್ಲ. ಕೊನೇ ಸ್ಟಾಪಿನವರೆಗೂ ಕೂತಿರು.’

ಆ ಕ್ಷಣದ ನಾಚಿಕೆಯನ್ನು ತೊಳೆದುಕೊಳ್ಳಲೆಂದೇ ಅವನು ಹಾಲಿನ ಕಥೆ ಹೇಳಿದ್ದು. ತಮ್ಮ ಮನೆತನದಲ್ಲಿ ಹುಟ್ಟಿದ ಮಕ್ಕಳು ಅಳುವುದಿಲ್ಲ, ನೇರ ಆಲಾಪಕ್ಕೇ ಇಳಿಯುತ್ತಾರೆ ಎಂದ. ಸೋದರತ್ತೆ ಹಾಡಿದರೆ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ, ಹಗ್ಗ ಮಾರುವವರು ಊರು ಬಿಟ್ಟುಹೋದರು ಎಂದ. ಸುಳ್ಳು ಹೇಳುವಾಗ ಅವನಿಗೆ ಈ ಪರಭಾಷೆ ಎಲ್ಲಿಯೂ ತೊಡರುತ್ತಿರಲಿಲ್ಲ, ಅದೇ ಆಶ್ಚರ್ಯ. ಡಾಕ್ಟರಮ್ಮ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ‘ಹಾಗಾದ್ರೆ ನಿಮ್ಮ ಅತ್ತೆಯ ಒಂದು ಹಾಡು ಕಲಿಸು. ಈಗಲೇ. ಸಾಲು ಸಾಲಾಗಿ ಹೇಳಿಕೊಡು’ ಎಂದಳು. ಮೂವತ್ತು ಜೋಡಿ ಕಣ್ಣು. ಅತ್ತೆ ಹಾಡುತ್ತಿದ್ದದ್ದೆಲ್ಲ ಮೂಗಿನಲ್ಲೇ, ಪದವಿಲ್ಲದೆ. ಶಾಲೆಯಲ್ಲಿ ಅವನನ್ನು ಪ್ರಾರ್ಥನೆಯ ಸಾಲಿನಿಂದ ಎಳೆದು ಗಂಟೆ ಬಾರಿಸಲು ಹಾಕಿದ್ದರು. ನೆನಪನ್ನು ಎಷ್ಟು ತಡಕಿದರೂ ಒಂದು ಹಾಡೂ ಸಿಗಲಿಲ್ಲ. ಸಿಕ್ಕಿದ್ದು ಒಂದು ಭಾನುವಾರದ ಮಧ್ಯಾಹ್ನ. ಅರ್ಧ ಮುಚ್ಚಿದ ಕಿಟಕಿ, ನೆಲದ ಮೇಲೆ ಬಿಸಿಲಿನ ಪಟ್ಟಿ, ಮಲಗಿದ ಅತ್ತೆಯ ಬಳೆಗಳ ಮೌನ, ದೂರದ ಬೀದಿಯಿಂದ ಹತ್ತಿರ ಹತ್ತಿರವಾಗುತ್ತ ಬರುವ ಗುಜರಿಯವನ ಕೂಗು. ಅವನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು.

‘ಹಳೇ ಕಬ್ಬಿಣಾ... ಒಡಕು ಹಂಡೇ... ತೂತು ಕೊಡಾ... ಕೊಡೋದಿದ್ರೆ ಕೊಡೀ ತಾಯೀ...’

ಹಾಡಲಿಲ್ಲ, ರಾಗವನ್ನು ಪಿಸುಗುಟ್ಟಿದನಷ್ಟೇ. ಗುಜರಿಯವನ ಕೂಗಿನಲ್ಲಿ ಪೇಪರ್, ಪ್ಲಾಸ್ಟಿಕ್, ಬಕೆಟ್ ಎಲ್ಲ ಇದ್ದವು. ಅವನ್ನು ಹೇಳಿದರೆ ಇವರಿಗೂ ತಿಳಿದೀತೆಂದು ಆ ಗಾಬರಿಯಲ್ಲೂ ಹೆಕ್ಕಿ ಹೊರಗೆಸೆಯುವಷ್ಟು ಪ್ರತಿಭೆ ಅವನಿಗಿತ್ತು. ಲೈಬ್ರರಿಯ ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ‘ಅರ್ಥ?’ ಎಂದಳು ಡಾಕ್ಟರಮ್ಮ. ಅರ್ಥ! ದೂರ ಹೋದ ಮಗನಿಗಾಗಿ ತಾಯಿ ಹೊಸ್ತಿಲಲ್ಲಿ ಕೂತು ಹಾಡುವುದು ಎಂದ. ಮೊದಲ ಸಾಲು, ಬೀದಿ ಉದ್ದ ಸಂಜೆ ಗಿಡ್ಡ. ಎರಡನೆಯದು, ದೀಪದ ಎಣ್ಣೆ ತೀರಿತು ಕಣ್ಣಿನದು ತೀರಲಿಲ್ಲ. ಮೂರನೆಯದು, ಯಾವ ಬಾಗಿಲೂ ಹಾಕಿಲ್ಲ ಬಾ. ಕೊನೆಯ ಪದಕ್ಕೆ ತಾಯಿ ಎಂದರ್ಥ ಎಂದ. ಅದೊಂದು ನಿಜ.

ಆಮೇಲೆ ನಡೆದದ್ದು ಅವನ ಕೈಮೀರಿದ್ದು. ಅವರು ಅದನ್ನು ಮೂರು ದನಿಗಳಲ್ಲಿ ಹೆಣೆದರು. ಹೆಂಗಸರು ‘ಹಳೇ ಕಬ್ಬಿಣಾ’ ಎಂದು ಮುಗಿಲಿಗೆ ಏರಿಸಿದರೆ, ಗಂಡಸರು ಕೆಳಗಿನಿಂದ ‘ಒಡಕು ಹಂಡೇ’ ಎಂದು ಕಂಬನಿ ತುಂಬಿ ಎತ್ತಿಕೊಳ್ಳುತ್ತಿದ್ದರು. ಡ್ರೈವರಜ್ಜನ ಪಾಲಿಗೆ ಬಂದದ್ದು ‘ತೂತು ಕೊಡಾ’. ಮೊದಲ ವಾರಗಳಲ್ಲಿ ಇವನು ಒಳಗೊಳಗೇ ಎಷ್ಟು ನಕ್ಕನೆಂದರೆ ಹೊಟ್ಟೆ ಹಿಡಿದುಕೊಂಡು ಹೊರಗೆ ಹೋಗಬೇಕಾಯಿತು. ಭಾವ ಉಕ್ಕಿಬಂದಿದೆ ಎಂದುಕೊಂಡು ಬೇಕರಿಯವನು ನೀರು ತಂದುಕೊಟ್ಟ. ಆದರೆ ಒಂದು ಸಂಜೆ, ಮಧ್ಯದಲ್ಲಿ ಎಲ್ಲೋ, ನಗು ಬರಲಿಲ್ಲ. ಮೂವತ್ತು ಜನ ಅಪರಿಚಿತರು ಅವನ ಬಾಲ್ಯದ ಬೀದಿಯನ್ನು, ಕಲ್ಲು ಕಲ್ಲನ್ನೂ ಬಿಡದೆ, ಎತ್ತಿ ತಂದು ಆ ಊಟದ ಮೇಜುಗಳ ಮೇಲೆ ಹಾಸಿಬಿಟ್ಟಿದ್ದರು. ಮೂಲೆಮನೆಯ ನಾಯಿ ಎದ್ದು ಮೈ ಮುರಿಯಿತು. ತಕ್ಕಡಿಯ ಸರಪಳಿ ಕಿಣಿಕಿಣಿ ಎಂದಿತು. ಅತ್ತೆ ಸೆರಗು ಸುತ್ತಿಕೊಂಡು ಹೊರಬಂದು, ಸೊಂಟದ ಮೇಲೆ ಕೈಯಿಟ್ಟು, ‘ಏನಪ್ಪಾ, ಹೋದ ಸಲ ತಕ್ಕಡಿಗೆ ಹೆಬ್ಬೆಟ್ಟನ್ನೂ ಹಾಕಿ ತೂಗಿದ್ದೆ, ಈ ಸಲ ಕೈ ಕಟ್ಕೊಂಡು ತೂಗು’ ಎಂದಳು. ಅವಳ ಹಿಂದೆ ಕಬ್ಬಿಣದ ತೊಟ್ಟಿಲು. ಮಕ್ಕಳಿಲ್ಲದ ಅತ್ತೆ ಅವನನ್ನು ತೂಗಿದ್ದು ಅದರಲ್ಲೇ. ಕಾಲುಗಳು ಸರಳುಗಳ ಹೊರಗೆ ಚಾಚುವಷ್ಟು ದೊಡ್ಡವನಾದರೂ ಮಧ್ಯಾಹ್ನ ಅದರಲ್ಲೇ ಮಲಗಿಸುತ್ತಿದ್ದಳು, ಪಕ್ಕದ ಮನೆಯವರು, ‘ನಾಳೆ ಮದುವೆ ಮಂಟಪಕ್ಕೂ ತೊಟ್ಟಿಲಲ್ಲೇ ಕಳಿಸ್ತೀಯೇನೇ’ ಎಂದು ಆಡಿಕೊಳ್ಳುವವರೆಗೆ. ಮಾರುವ ದಿನ ಅತ್ತೆ ಗುಜರಿಯವನೊಡನೆ ಬೀದಿ ಸೇರುವಂತೆ ಚೌಕಾಸಿ ಮಾಡಿ ಒಂದು ದೊಡ್ಡ ಬುಟ್ಟಿ ಗಿಟ್ಟಿಸಿಕೊಂಡಿದ್ದಳು. ಗಾಡಿ ತಿರುವು ದಾಟುವಷ್ಟರಲ್ಲಿ ಬರಿಗಾಲಲ್ಲೇ ಓಡಿ, ಬುಟ್ಟಿಯನ್ನು ವಾಪಸು ಕೊಟ್ಟು, ತೊಟ್ಟಿಲ ಕೊಕ್ಕೆಯೊಂದನ್ನು ಮಾತ್ರ ಬಿಚ್ಚಿಸಿಕೊಂಡು ಬಂದಳು. ‘ಬಟ್ಟೆ ಹಗ್ಗ ಕಟ್ಟೋಕೆ ಬೇಕಿತ್ತು’ ಎಂದಳು ಯಾರೂ ಕೇಳದಿದ್ದರೂ. ಅದಕ್ಕೆ ಹಗ್ಗ ಕಟ್ಟಿದ್ದನ್ನು ಅವನು ಎಂದೂ ನೋಡಲಿಲ್ಲ.

ಶಾಲೆಯತ್ತ ನಡೆಯುತ್ತಿದ್ದ ಅವನ ಪಕ್ಕದಲ್ಲಿ ಬಸ್ಸೊಂದು ಉಸಿರು ಬಿಟ್ಟು ನಿಂತಿತು. ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ, ಮುಚ್ಚಿಕೊಂಡಿತು. ಅಜ್ಜನಾಗಿದ್ದರೆ ಇಷ್ಟು ಬೇಗ ಮುಚ್ಚುತ್ತಿರಲಿಲ್ಲ. ದೂರದಲ್ಲಿ ಯಾರಾದರೂ ಓಡಿಬರುವುದು ಕನ್ನಡಿಯಲ್ಲಿ ಕಂಡರೆ ಬಾಗಿಲು ತೆರೆದೇ ಕಾಯುತ್ತಿದ್ದನಂತೆ. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲವಂತೆ. ಹಾಗಾಗಿಯೇ ಬಾಗಿಲು ಹಾಕದ ಆ ಮೂರನೆಯ ಸಾಲು ಅವನಿಗೆ ಹುಚ್ಚು ಹಿಡಿಸಿತ್ತು. ‘ಆ ತಾಯಿ ನಮ್ಮ ಪೈಕಿ ಕಣೋ, ಬಸ್ ಡ್ರೈವರ್ ಆಗಬೇಕಿತ್ತು’ ಎನ್ನುತ್ತಿದ್ದ. ತೀರಿಕೊಂಡ ಬೆಳಿಗ್ಗೆಯೂ ಗಡ್ಡ ಹೆರೆಯುತ್ತ ಅದನ್ನೇ ಗುನುಗುತ್ತಿದ್ದನೆಂದು ಅಜ್ಜಿ ಹೇಳಿದ್ದಳು. ಅಡುಗೆಮನೆಯ ಮೇಜಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಸಾಂತ್ವನ ಹೇಳಲು ಹೋಗಿದ್ದ ಇವನಿಗೆ ಅವಳೇ ಟೀ ಬಗ್ಗಿಸಿ ಕೊಟ್ಟಳು. ‘ಅವರನ್ನ ಮಣ್ಣಿಗೆ ಇಳಿಸುವಾಗ ಬೇರೆ ಏನೂ ಬೇಡ. ಬಾಗಿಲು ಹಾಕದೇ ಇರೋ ಆ ಹಾಡು ಸಾಕು.’ ಆಗ ಹೇಳಿಬಿಡಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಟೀ ಬಿಸಿಯಿತ್ತೆಂದು ಅದನ್ನು ನುಂಗಿದ. ಈಗ ಅವಳ ಗಂಡನ ಕೋಟಿನೊಳಗೆ ನಡೆಯುತ್ತಿರುವಾಗ, ಸತ್ತವನ ಮುಖದೆದುರು ಮೂವತ್ತು ಜನ ತೂತು ಕೊಡ ಬೇಡುವ ದೃಶ್ಯ ಕಣ್ಣಿಗೆ ಕಟ್ಟಿತು. ಹೇಳಿದರೆ ಆ ಮನೆಯ ಬಾಗಿಲು ಇನ್ನು ತನಗಿಲ್ಲ. ಈ ಊರಿನಲ್ಲಿ ಅವನಿಗಿದ್ದದ್ದು ಅದೊಂದೇ ಬಾಗಿಲು.

ಊಟದ ಕೋಣೆಯಲ್ಲಿ ಎಲ್ಲರೂ ಕಪ್ಪು ತೊಟ್ಟು ನಿಂತಿದ್ದರು. ಅಜ್ಜನ ಕುರ್ಚಿಯನ್ನು ಯಾರೂ ಸರಿಸಿರಲಿಲ್ಲ. ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ಚೀಲ. ಅವನನ್ನು ಕರೆದು ಕೋಟಿನ ತೋಳನ್ನು ಮಣಿಕಟ್ಟಿನ ಮೇಲಕ್ಕೆ ಮಡಚುತ್ತ ಕೇಳಿದಳು: ‘ಮಗು, ನಿಮ್ಮತ್ತೆ ಈಗ ಎದ್ದಿರ್ತಾರಾ?’

‘ಎದ್ದಿರ್ತಾಳೆ. ಯಾಕಜ್ಜಿ?’

‘ಅವರ ಹಾಡು. ಹಾಡೋ ಮುಂಚೆ ಅವರಿಗೊಮ್ಮೆ ಕೇಳಿಸಬೇಕು ಅಂತ. ಹೇಳದೆ ತಗೊಂಡ ಹಾಗಾಗಬಾರದು.’

‘ಅವಳಿಗೆ ಕಿವಿ ಸ್ವಲ್ಪ...’ ಎಂದ.

‘ಬಾವಿ ನೀರು ಮೇಲೆ ಬರೋ ಹಾಗೆ ಹಾಡೋರಿಗೆ ಕಿವಿ ಕೇಳಲ್ವಾ?’ ಎಂದಳು ಡಾಕ್ಟರಮ್ಮ. ‘ಫೋನ್ ಮಾಡು, ಮಾಡು. ಪರದೆಯಲ್ಲಿ ನಾವೂ ನೋಡ್ತೀವಿ.’

ಅತ್ತೆ ಎತ್ತದಿರಲಿ ಎಂದು ಲೋಕದ ದೇವರನ್ನೆಲ್ಲ ಬೇಡಿಕೊಂಡ. ಮೊದಲ ಗಂಟೆಗೇ ಎತ್ತಿದಳು. ಪರದೆಯ ತುಂಬ ಅವಳ ಹಣೆ, ಆಮೇಲೆ ಒಂದು ಕಣ್ಣು, ಆಮೇಲೆ ಇಡೀ ಮುಖ. ‘ಲೋ, ಯಾರದೋ ಕೋಟು ಅದು? ಮೇಯರ್ ಮಾವನದ್ದಾ?’ ಎಂದಳು. ಸುಮ್ಮನಿರು ಅತ್ತೆ ಎಂದು ಹಲ್ಲು ಕಚ್ಚಿ ಹೇಳುವಷ್ಟರಲ್ಲಿ ಡಾಕ್ಟರಮ್ಮನ ಪೆನ್ಸಿಲ್ ಏರಿತು. ಅಜ್ಜಿ ಫೋನನ್ನು ಅವನ ಕೈಯಿಂದ ತೆಗೆದುಕೊಂಡು, ಹಸುಗೂಸನ್ನು ಹಿಡಿದಂತೆ ಎರಡು ಕೈಯಲ್ಲಿ ಎತ್ತಿ ಹಿಡಿದಳು. ಹಾಡು ಎದ್ದಿತು. ಅವರು ಎಂದೂ ಅಷ್ಟು ಚೆನ್ನಾಗಿ ಹಾಡಿರಲಿಲ್ಲ. ‘ತೂತು ಕೊಡಾ’ ಎಂಬಲ್ಲಿ, ಅಜ್ಜನಿಲ್ಲದ ಕಡೆ, ಹಾಡು ನೆಲ ಕುಸಿದಂತೆ ಒಂದು ಕ್ಷಣ ಕೆಳಗಿಳಿದು, ಬೇಕರಿಯವನು ಒದ್ದಾಡಿ ಅದನ್ನು ಎತ್ತಿ ನಿಲ್ಲಿಸಿದ. ಪರದೆಯಲ್ಲಿ ಅತ್ತೆ ಮೊದಲು ಬೀದಿಯ ಕಡೆ ಕತ್ತು ಉದ್ದಮಾಡಿದಳು. ಆಮೇಲೆ ಬಾಗಿಲತ್ತ ಓಡಿದಳು, ಖಾಲಿ ಗೋಡೆ ಮಾತ್ರ ಉಳಿಯಿತು. ವಾಪಸು ಬಂದು, ಪರದೆಯನ್ನು ದಿಟ್ಟಿಸಿ, ತಿಳಿದುಕೊಂಡು, ಬಾಯಿಗೆ ಸೆರಗು ತುರುಕಿಕೊಂಡಳು. ಭುಜಗಳು ಕುಲುಕಿದವು. ಕಣ್ಣಿಂದ ಧಾರೆಯಾಗಿ ನೀರು.

‘ಅಳ್ತಿದ್ದಾರೆ’ ಎಂದಳು ಲೈಬ್ರರಿಯ ಮುದುಕಿ, ತಾನೂ ಅಳುತ್ತ.

‘ಹೌದು’ ಎಂದ ಅವನು ತಕ್ಷಣ. ‘ಮೊದಲಿಂದಲೂ ಹಾಗೇ. ಈ ಹಾಡು ಕೇಳಿದ್ರೆ ವಾರಗಟ್ಟಲೆ ಅಳ್ತಾಳೆ, ಊಟ ಬಿಡ್ತಾಳೆ.’ ತಪ್ಪಿಸಿಕೊಂಡೆ ಎನಿಸಿ ಮೈ ಹಗುರಾಯಿತು. ಆ ಹಗುರವನ್ನು ಅನುಭವಿಸುವುದರೊಳಗೆ ಅತ್ತೆ ಮತ್ತೆ ಮರೆಯಾಗಿ, ಹಿತ್ತಲಿನಿಂದ ಒಂದು ಸೊಟ್ಟ ಕೊಡವನ್ನು ಹೊತ್ತು ತಂದು ಪರದೆಗೆ ಒಡ್ಡಿ, ಬೆರಳ ಗೆಣ್ಣಿನಿಂದ ಟಣ್ ಟಣ್ ಎಂದು ಕುಟ್ಟಿ, ಇನ್ನೊಂದು ಕೈಯಲ್ಲಿ ತಕ್ಕಡಿ ತೂಗುವಂತೆ ತೋರಿಸಿ ಹುಬ್ಬು ಹಾರಿಸಿದಳು. ‘ಇದಕ್ಕೆ ಏನು ಕೊಡ್ತಾರಂತೆ ಕೇಳೋ! ಬುಟ್ಟಿಗೆ ಕಮ್ಮಿ ಕೊಡಲ್ಲ. ಅಲ್ವೋ, ಪೇಪರ್ ಯಾಕೆ ಬಿಟ್ಟೆ? ಅಲ್ಲಿ ಪೇಪರ್ ತಗೊಳ್ಳಲ್ವಾ?’

ಆ ಟಣ್ ಎಂಬ ಸದ್ದಿಗೆ, ಆ ಹುಬ್ಬಿಗೆ, ತೂಗುವ ಆ ಕೈಗೆ ಅನುವಾದ ಬೇಕಿರಲಿಲ್ಲ. ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿದರು. ಕೊಡದ ತೂತಿನಿಂದ ಅತ್ತೆಯ ಹಿತ್ತಲಿನ ಬೆಳಕು ಚುಕ್ಕಿಯಂತೆ ಕಾಣುತ್ತಿತ್ತು. ಅಜ್ಜಿ ಅದನ್ನೇ ನೋಡುತ್ತಿದ್ದಳು.

‘ಮಗು’ ಎಂದಳು. ‘ನಿಮ್ಮತ್ತೆ ಕೊಡ ಯಾಕೆ ಮಾರ್ತಿದ್ದಾರೆ?’

ಅವನು ಏನನ್ನಾದರೂ ಹೆಣೆಯಲು ಬಾಯಿ ತೆರೆದ. ಕೊಡಕ್ಕೂ ತಾಯಿಗೂ ಏನೋ ಒಂದು ಪುರಾತನ ಸಂಬಂಧ, ಅರ್ಧ ನಿಮಿಷ ಸಿಕ್ಕರೆ ಸಾಕಿತ್ತು. ಆದರೆ ಕೈ ಕೋಟಿನ ಜೇಬಿನಲ್ಲಿತ್ತು, ಪೆಪ್ಪರ್‌ಮಿಂಟಿನ ಕಾಗದ ಸರಕ್ ಎಂದಿತು. ಟಿಕೆಟ್ ಇಲ್ಲದೆ ಕೂತಿದೀಯ.

‘ಅದು ಹಾಡಲ್ಲ ಅಜ್ಜಿ’ ಎಂದ. ‘ಗುಜರಿಯವನ ಕೂಗು. ಹಳೇ ಕಬ್ಬಿಣ, ಒಡೆದ ಹಂಡೆ, ತೂತು ಬಿದ್ದ ಕೊಡ, ಕೊಡೋದಿದ್ರೆ ಕೊಡಿ ತಾಯಿ ಅಂತ. ನನಗೆ ಬೇರೆ ಏನೂ ಬರ್ತಿರಲಿಲ್ಲ.’

‘ಮತ್ತೆ ಬಾಗಿಲು?’

‘ಬಾಗಿಲು ಅದರಲ್ಲಿಲ್ಲ. ನಾನು ಸೇರಿಸಿದ್ದು.’

ಯಾರೋ ಕೆಮ್ಮಿದರು. ಡಾಕ್ಟರಮ್ಮ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಅವನು ಕೋಟನ್ನು ಬಿಚ್ಚತೊಡಗಿದ. ಮಡಚಿದ ತೋಳು ಸಿಕ್ಕಿಹಾಕಿಕೊಂಡು ಅರ್ಧದಲ್ಲೇ ನಿಂತಿತು. ಅಜ್ಜಿಯ ತುಟಿಯ ಮೂಲೆ ಅದುರಿತು, ಅಳುವೋ ಬೇರೆಯೋ ತಿಳಿಯದ ಹಾಗೆ.

‘ನಮ್ಮ ಮನೆಯವರು ಒಂದು ಸೊಟ್ಟ ಮೊಳೆಯನ್ನೂ ಬಿಸಾಡಿದವರಲ್ಲ’ ಎಂದಳು. ‘ಶೆಡ್ಡಿನ ತುಂಬ ತುಕ್ಕು. ಯಾರು ಕೇಳಿದ್ರೂ ಕೊಡಲಿಲ್ಲ.’ ಕೊಡವನ್ನು ಇನ್ನೊಮ್ಮೆ ನೋಡಿದಳು. ‘ಕೊಡೋದಿದ್ರೆ ಕೊಡಿ ತಾಯಿ. ಹಾಗಂತ ಕೇಳ್ತಾನಾ ಅವನು?’

‘ಹೌದಜ್ಜಿ.’

‘ಹಾಗಾದ್ರೆ ಇವತ್ತು ಅವನು ಕೇಳ್ತಿರೋದು ನನ್ನನ್ನೇ.’ ಕೋಟಿನ ಕತ್ತುಪಟ್ಟಿ ಹಿಡಿದು ಅವನ ಭುಜಕ್ಕೆ ಮತ್ತೆ ಏರಿಸಿದಳು. ‘ಅದನ್ನೇ ಹಾಡಿ. ಅವರ ಸಾಲನ್ನ ನೀನು ಹಾಡು.’

‘ನಾನು ಇಲ್ಲಿ ಒಂದು ದಿನಾನೂ ಹಾಡಿಲ್ಲ. ಬಾಯಿ ಆಡಿಸ್ತೀನಿ ಅಷ್ಟೇ.’

‘ಗೊತ್ತು. ಮನೆಗೆ ಬಂದು ಹೇಳಿ ನಗ್ತಿದ್ರು.’ ಕಣ್ಣೊರೆಸಿಕೊಂಡು ಕೇಳಿದಳು: ‘ಆ ಹಾಲು? ನೀನು ಹಾಡಿದ್ರೆ ಉಕ್ಕೋ ಹಾಲು? ಅದಾದ್ರೂ?’

ಪರದೆಯಲ್ಲಿ ಅತ್ತೆ ನಗು ನಿಲ್ಲಿಸಿ, ಯಾಕೋ ಎಲ್ಲರೂ ಸುಮ್ಮನಾದರು ಎಂದು ಕೇಳುತ್ತಿದ್ದಳು. ಅವಳ ಹಿಂದೆ, ಗೋಡೆಯ ಮೇಲೆ, ಹಗ್ಗವಿಲ್ಲದ ಕೊಕ್ಕೆ.

‘ಹಾಲು ಉಕ್ಕಿದ್ದು ನಿಜ’ ಎಂದ ಅವನು. ‘ನಾನು ಹಾಡಿದ್ದಕ್ಕಲ್ಲ. ನಾನು ಅಳ್ತಿದ್ದೆ. ಒಲೆ ಮೇಲೆ ಹಾಲಿಟ್ಟು, ತೊಟ್ಟಿಲು ತೂಗೋಕೆ ಬಂದು ಕೂತು, ಅತ್ತೆ ಮರೀತಿದ್ದಳು. ದಿನಾ ಮರೀತಿದ್ದಳು.’